ಎಲ್ಲಾ ಇದೆ, ಆದರೂ ಕೂತಲ್ಲಿ ಕೂರೋಕೆ ಆಗ್ತಿಲ್ಲ

ತೋಟದಮನೆ ಅಕ್ಕ:
ನನಗೆ 54 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಸಾಲ ತೀರಿದೆ, ಮಕ್ಕಳಿಬ್ಬರೂ ಬೆಂಗಳೂರಲ್ಲಿ ಚೆನ್ನಾಗಿದ್ದಾರೆ. ಆದರೂ ಮಧ್ಯಾಹ್ನ ಊಟ ಮುಗಿದರೆ ಸಾಕು, ಏನೋ ಚಡಪಡಿಕೆ. ಜಗಲಿಗೆ ಬರುತ್ತೇನೆ, ಹಿತ್ತಿಲಿಗೆ ಹೋಗುತ್ತೇನೆ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ. ಬದುಕಿಗೊಂದು ಗುರಿ ಇಟ್ಕೋ ಅಮ್ಮ ಎನ್ನುತ್ತಾಳೆ ಮಗಳು. ಈ ವಯಸ್ಸಲ್ಲಿ ಗುರಿ ಎಲ್ಲಿಂದ ತರೋದು? ನಿಮಗೂ ಹೀಗಾಗುತ್ತಾ? (ಧ್ಯಾನ ಮಾಡಿ ಅಂತ ಮಾತ್ರ ಹೇಳಬೇಡಿ. ಕಣ್ಣು ಮುಚ್ಚಿದರೆ ಕೊಟ್ಟಿಗೆ ಬಾಗಿಲು ಹಾಕಿದೆನೋ ಇಲ್ಲವೋ ಅನ್ನೋದೇ ನೆನಪಾಗುತ್ತದೆ.)

ಭದ್ರಾವತಿ ಹುಡುಗ:
ಒಂದು ಟೂರ್ ಹೋಗಿ ಬನ್ನಿ ಆಂಟಿ, ಎಲ್ಲ ಸರಿಹೋಗುತ್ತೆ.

ತೋಟದಮನೆ ಅಕ್ಕ:
ಕಾಶಿಗೆ ಹೋಗಿ ಬಂದೆ ಮರಿ. ಚಡಪಡಿಕೆಯೂ ಜೊತೆಗೇ ವಾಪಸ್ ಬಂತು.

ನಿವೃತ್ತ ಮೇಷ್ಟ್ರು, ಶಿವಮೊಗ್ಗ:
ನಿಮಗೊಬ್ಬರಿಗೇ ಅಲ್ಲಮ್ಮ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ನೆ ಕೂರಬೇಕು. ಮೊಬೈಲ್ ಇಲ್ಲ, ಪುಸ್ತಕ ಇಲ್ಲ. ಬೇಕಾದರೆ ಗುಂಡಿ ಒತ್ತಿ ಕರೆಂಟ್ ಶಾಕ್ ಹೊಡೆಸಿಕೊಳ್ಳಬಹುದು. ದುಡ್ಡು ಕೊಟ್ಟಾದರೂ ಈ ಶಾಕ್ ತಪ್ಪಿಸಿಕೊಳ್ಳುತ್ತೇವೆ ಎಂದು ಮೊದಲು ಹೇಳಿದ್ದವರೇ ಅವರೆಲ್ಲ. ಆದರೂ 18 ಗಂಡಸರಲ್ಲಿ 12 ಮಂದಿ ಒತ್ತಿದರು! 24 ಹೆಂಗಸರಲ್ಲಿ 6 ಜನ. ನೀವೇ ವಾಸಿ.
ನಿದ್ದೆ, ಊಟ ಕೆಟ್ಟಿದ್ದರೆ ಮಾತ್ರ ಉದಾಸೀನ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂದ ಹಾಗೆ, ಇದು ಶುರುವಾಗಿದ್ದು ಯಾವಾಗ?

ತೋಟದಮನೆ ಅಕ್ಕ:
ನಿದ್ದೆ ಚೆನ್ನಾಗಿ ಬರುತ್ತದೆ ಸಾರ್. ಅಡಿಕೆ ಸುಲಿಯೋ ಮಶೀನ್ ಬಂದ ಮೇಲೆ ಶುರುವಾಯಿತೇನೋ. ಮೊದಲೆಲ್ಲ ಕೊಯ್ಲಿನ ಹೊತ್ತಲ್ಲಿ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಹಾಕಿಕೊಂಡು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದೆವು. ಆ ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಬೆರಳೆಲ್ಲ ಕಪ್ಪು. ಸೊಂಟ ಬಿದ್ದುಹೋಗುತ್ತಿತ್ತು, ಬೈದುಕೊಂಡೇ ಸುಲಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ರಾಮಾಯಣ ಶುರು ಮಾಡಿದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಸೀತೆಯನ್ನು ಕಾಡಿಗೆ ಕಳಿಸುವಲ್ಲಿ ಪಕ್ಕದ ಮನೆ ಚಿಕ್ಕಮ್ಮ ಪ್ರತಿ ಸಲ ಕತ್ತಿ ಬಿಟ್ಟು ರಾಮನಿಗೆ ಬೈಯುತ್ತಿದ್ದರು. ಈಗ ಮಶೀನ್ ಬೆಳಗ್ಗೆ ಬಂದು ಮಧ್ಯಾಹ್ನಕ್ಕೆ ಮುಗಿಸಿ ಹೋಗುತ್ತದೆ. ಅದರ ಗಲಾಟೆಗೆ ಯಾರ ಮಾತೂ ಕೇಳಿಸಲ್ಲ.

ಪೇಟೆಯವಳು, ತೀರ್ಥಹಳ್ಳಿ:
ಅಕ್ಕ, ಗುರಿ ಗಿರಿ ಬಿಡಿ. ನಿಮ್ಮ ಕಥೆ ಕೇಳೋಕೆ ಜನ ಬೇಕು, ಅಷ್ಟೇ ಅಲ್ವಾ? ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ನಾಟಕ ಸಂಘ ಶುರುವಾಗಿದ್ದೂ ಅಡಿಕೆ ತೋಟದ ನಡುವೆಯೇ. ನಾಟಕ ಕಷ್ಟ ಅನಿಸಿದರೆ ಯಕ್ಷಗಾನದ ತಾಳಮದ್ದಲೆಗೆ ಬನ್ನಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಮಾತಾಡೋದು. ನಾವೊಂದಿಷ್ಟು ಹೆಂಗಸರು ಶನಿವಾರ ಸಂಜೆ ಸೇರುತ್ತೇವೆ. ಒಂದು ವಾರ ತಪ್ಪಿಸಿದರೆ ಫೋನ್ ಮಾಡಿ ಉಗಿಯುತ್ತೇವೆ, ಈಗಲೇ ಹೇಳಿದ್ದೇನೆ.

ತೋಟದಮನೆ ಅಕ್ಕ:
ಇವರಿಗೆ ಬೇಗ ಅಡುಗೆ ಮಾಡಿಟ್ಟು ಬರುತ್ತೇನೆ. ಮಂಥರೆ ಪಾತ್ರ ನನಗಿರಲಿ. ಕೈಕೇಯಿ ಬೇಡ, ನಮ್ಮತ್ತೆಯೂ ಕೇಳೋಕೆ ಬರುತ್ತಾರಂತೆ.