ನಾಲ್ಕನೇ ತರಗತಿಗೆ ಧ್ರುವಪ್ರಭೆ: ಚಿತ್ರ ಮೊದಲೋ, ಬರಹ ಮೊದಲೋ?

ಪ್ರಶ್ನೆ:
40 ಮಕ್ಕಳು, 40 ನಿಮಿಷದ ಎರಡು ಪೀರಿಯಡ್. ಅರೋರಾ, ಅಂದರೆ ಧ್ರುವಗಳ ಕಡೆ ರಾತ್ರಿಯ ಆಕಾಶದಲ್ಲಿ ಪರದೆಯಂತೆ ತೂಗುವ ಬಣ್ಣದ ಬೆಳಕು, ಧ್ರುವಪ್ರಭೆ. ಅದರ ಚಿತ್ರ ಬಿಡಿಸಿ ಒಂದು ಪ್ಯಾರಾ ಬರೆಸಬೇಕು. ಕಪ್ಪು ಚಾರ್ಟ್ ಮೇಲೆ ಆಯಿಲ್ ಪೇಸ್ಟಲ್ ಹಚ್ಚಿದರೆ ಕಾಮನಬಿಲ್ಲಿನ ಪಟ್ಟೆ ಥರ ಆಗುತ್ತದೆ. ಬರಹದಲ್ಲಿ ಎಲ್ಲರದೂ "ತುಂಬಾ ಸುಂದರವಾಗಿದೆ" ಅಷ್ಟೇ. ಏನು ಮಾಡಬಹುದು?

ಉತ್ತರ 1:
ಆಯಿಲ್ ಪೇಸ್ಟಲ್ ಬೇಡ, ಅದು ಜಿಡ್ಡು. ಬೆರಳಲ್ಲಿ ತೀಡಿದರೆ ಪುಡಿಯಾಗಿ ಹರಡುವುದಿಲ್ಲ. ಡ್ರೈ ಪೇಸ್ಟಲ್ ತರಿಸಿ. ಬೋರ್ಡಿನ ಬಣ್ಣದ ಸೀಮೆಸುಣ್ಣವೂ ನಡೆಯುತ್ತದೆ, ಬಣ್ಣ ಸ್ವಲ್ಪ ತೆಳು. 22×28 ಇಂಚಿನ ಚಾರ್ಟನ್ನು 8 ತುಂಡು ಮಾಡಿದರೆ 5 ಚಾರ್ಟ್ ಸಾಕು.

ಮೊದಲು ನಕ್ಷತ್ರ: ಹಳೇ ಟೂತ್‌ಬ್ರಷ್‌ಗೆ ಗಟ್ಟಿ ಬಿಳಿ ಪೋಸ್ಟರ್ ಕಲರ್ ಮುಟ್ಟಿಸಿ ಹೆಬ್ಬೆರಳಲ್ಲಿ ಚಿಮುಕಿಸಿ, ಪೂರ್ತಿ ಒಣಗಲಿ. ನೀರು ಜಾಸ್ತಿಯಾದರೆ ದಪ್ಪ ಹನಿ ಬೀಳುತ್ತದೆ. ಆಮೇಲೆ ರದ್ದಿ ಕಾಗದದ ಒಂದು ಅಂಚನ್ನು ಅಲೆಅಲೆಯಾಗಿ ಕೈಯಲ್ಲೇ ಹರಿದು, ಆ ಅಂಚಿಗೆ ಒಂದು ಸೆಂ.ಮೀ. ಅಗಲ ಹಸಿರು ದಟ್ಟವಾಗಿ ಬಳಿಯಬೇಕು. ಅದನ್ನು ಚಾರ್ಟಿನ ಮೇಲೆ ಒತ್ತಿ ಹಿಡಿದು, ಬೆರಳಿನಿಂದ ಬಣ್ಣವನ್ನು ಮೇಲಕ್ಕೆ ಎಳೆಯಬೇಕು. ಅಡ್ಡ ಎಳೆದರೆ ಕಿರಣ ಹೋಗಿ ಮೋಡವಾಗುತ್ತದೆ. ಕಾಗದ ಎತ್ತಿದಾಗ ಕೆಳಗೆ ಚೂಪಾದ ಗೆರೆ, ಮೇಲೆ ಮಾಸುವ ಬೆಳಕು. ನಿಜದ ಪರದೆಯೂ ಹಾಗೇ: ಸೂರ್ಯನ ಗಾಳಿಯಿಂದ (ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹ) ಶಕ್ತಿ ಪಡೆದು ಮೇಲಿನಿಂದ ನುಗ್ಗುವ ಕಣಗಳು ಸುಮಾರು 100 ಕಿ.ಮೀ. ಎತ್ತರದಲ್ಲಿ ದಟ್ಟವಾಗುವ ಗಾಳಿಗೆ ಬಡಿದು ಅಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ, ಬೆಳಕು ಅಲ್ಲಿಗೇ ನಿಲ್ಲುತ್ತದೆ. ಬೆರಳಿಗೆ ಸಿಕ್ಕ ಈ ಗೆರೆಯನ್ನು ತೋರಿಸಿಯೇ ಪಾಠ ಮಾಡಿ.

ಕೆಂಪು ಎಲ್ಲಕ್ಕಿಂತ ಮೇಲೆ, ಹತ್ತಿಯಲ್ಲಿ ತೆಳ್ಳಗೆ. ಹಸಿರು-ಕೆಂಪು ಬೆರೆತರೆ ಕೊಳೆ ಕಂದು, ಆದ್ದರಿಂದ ನಡುವೆ ಒಂದು ಬೆರಳು ಜಾಗ ಬಿಡಿಸಿ.

ಉತ್ತರ 2:
ಬಣ್ಣಕ್ಕೆ ಕಾರಣ ಹೇಳದಿದ್ದರೆ ಮಕ್ಕಳು ಅದನ್ನು ಬೆಂಕಿ ಅಥವಾ ಮಂಜುಗಡ್ಡೆಯ ಪ್ರತಿಫಲನ ಅಂದುಕೊಳ್ಳುತ್ತಾರೆ. ಕಣಗಳು ಬಡಿದಾಗ ಗಾಳಿಯ ಅನಿಲಗಳೇ ಹೊಳೆಯುತ್ತವೆ: ಹಸಿರು ಮತ್ತು ಎತ್ತರದ ಕೆಂಪು ಆಮ್ಲಜನಕದ್ದು, ಕೆಳಗಂಚಿನ ಗುಲಾಬಿ-ನೇರಳೆ ಸಾರಜನಕದ್ದು. ಅಂಗಡಿಯ ನಿಯಾನ್ ಬೋರ್ಡಿನ ಉದಾಹರಣೆ ಸಾಕು: ಒಳಗಿನ ಅನಿಲ ಬೇರೆಯಾದರೆ ಬಣ್ಣವೂ ಬೇರೆ.

ಬರಹ ಚಿತ್ರದ ನಂತರ, ಅದೂ ಕ್ರಿಯಾಪದದಿಂದ. ಬೋರ್ಡಿನ ಮೇಲೆ ಬಳುಕು, ತೂಗು, ಮಡಚು, ಹರಡು, ಮಾಸು ಬರೆದು, ಸುಂದರ, ಅದ್ಭುತ ಎರಡಕ್ಕೂ ಅಡ್ಡಗೆರೆ ಎಳೆಯಿರಿ. ಮೂರು ಕ್ರಿಯಾಪದ ಬಳಸಿ ಐದು ವಾಕ್ಯ. ಹೋಲಿಕೆ ಮಕ್ಕಳು ಕಂಡದ್ದೇ ಇರಲಿ. ತಂತಿ ಮೇಲೆ ಒಣಹಾಕಿದ ಸೀರೆ ಗಾಳಿಗೆ ಆಡುವುದು ಚೆನ್ನಾಗಿ ಹೊಂದುತ್ತದೆ. ವಿಡಿಯೊ ತೋರಿಸಿದರೆ ಅದು ವೇಗ ಹೆಚ್ಚಿಸಿದ್ದೋ ನೋಡಿ, ಹಾಗಿದ್ದರೆ ಹೇಳಿಬಿಡಿ.

ಉತ್ತರ 3:
ನಾನಾದರೆ ಒಂದು ಬರಹ ಚಿತ್ರಕ್ಕೂ ಮೊದಲೇ ಬರೆಸುತ್ತೇನೆ. ಫಿನ್‌ಲೆಂಡಿನವರು ಇದನ್ನು ರೆವೊನ್‌ಟುಲೆಟ್, ಅಂದರೆ ನರಿಬೆಂಕಿ ಅನ್ನುತ್ತಾರೆ. ನರಿ ಬಾಲ ಬೀಸಿ ಹಿಮ ಚಿಮ್ಮಿಸಿತು, ಅದೇ ಆಕಾಶದಲ್ಲಿ ಈ ಬೆಳಕಾಯಿತು ಅನ್ನುವುದು ಅಲ್ಲಿನ ಕತೆ. ಅದನ್ನು ಹೇಳಿ, "ನಿಮ್ಮ ಪ್ರಕಾರ ಏನಿರಬಹುದು?" ಅಂತ ನಾಲ್ಕು ಸಾಲು. ಕತೆ, ವಿಜ್ಞಾನ ಎರಡಕ್ಕೂ ಬೇರೆ ಬೇರೆ ಪುಟ. ಒಂದರಲ್ಲೇ ಬರೆಸಿದರೆ ಪರೀಕ್ಷೆಯಲ್ಲೂ ನರಿ ಬರುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. "ನಮ್ಮ ದೇಶದಲ್ಲಿ ಕಾಣುತ್ತಾ?" ಅಂತ ಖಂಡಿತ ಕೇಳುತ್ತಾರೆ.

ಉತ್ತರ 2:
ಅಪರೂಪಕ್ಕೆ. 2024ರ ಮೇ 10–11ರ ರಾತ್ರಿ ದೊಡ್ಡ ಸೌರ ಬಿರುಗಾಳಿ (ಸೂರ್ಯನ ಗಾಳಿ ಒಮ್ಮೆಲೇ ಜೋರಾಗುವುದು) ಬಂದಾಗ ಲಡಾಖಿನ ಹಾನ್ಲೆಯಲ್ಲಿ ಕ್ಯಾಮೆರಾಗೆ ಕೆಂಪು ಬೆಳಕು ಸಿಕ್ಕಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಪರದೆ ಇದ್ದದ್ದು ದೂರದ ಉತ್ತರದಲ್ಲಿ. ತಗ್ಗಿನ ಹಸಿರು ದಿಗಂತದ ಕೆಳಗೆ ಮರೆಯಾಗಿ, ಎತ್ತರದ ಕೆಂಪು ಮಾತ್ರ ಇಣುಕಿತು. ಮಕ್ಕಳ ಚಿತ್ರದ ಕೆಳಭಾಗವನ್ನು ಒಂದು ಪುಸ್ತಕದಿಂದ ಮುಚ್ಚಿ, ಏನು ಉಳಿಯಿತು ಅಂತ ಕೇಳಿ.