ಲಿನಕ್ಸ್‌ನಲ್ಲಿ ಡಯಲ್‌ಅಪ್ ಮೋಡೆಮ್‌ನ ನಿಜವಾದ ವೇಗ ತಿಳಿಯುವುದು ಹೇಗೆ?

ಪ್ರಶ್ನೆ (ಶಿರಸಿ)
ಮಾನ್ಯರೇ, ನಮ್ಮ ಮನೆ ಶಿರಸಿ ಪೇಟೆಯಿಂದ ದೂರ, ಅಡಿಕೆ ತೋಟಗಳ ನಡುವೆ ಇದೆ. 56ಕೆ ಮೋಡೆಮ್ (ಟೆಲಿಫೋನ್ ತಂತಿಯ ಮೂಲಕ ಸೆಕೆಂಡಿಗೆ ಗರಿಷ್ಠ 56 ಕಿಲೋಬಿಟ್ ವೇಗದ ಸಾಧನ) ಒಂದನ್ನು ಸೀರಿಯಲ್ ಪೋರ್ಟಿಗೆ ಜೋಡಿಸಿಕೊಂಡು, ಡಬ್ಲ್ಯೂವಿಡಯಲ್ ಎಂಬ ಡಯಲ್ ಮಾಡುವ ತಂತ್ರಾಂಶದ ಮೂಲಕ ಅಂತರಜಾಲ ಸಂಪರ್ಕ ಪಡೆಯುತ್ತೇನೆ. ತೆರೆಯ ಮೇಲೆ ಯಾವಾಗಲೂ ‘ಕನೆಕ್ಟ್ 115200’ ಎಂದೇ ಬರುತ್ತದೆ. ಆದರೆ ಕಡತ ಇಳಿಸಿಕೊಳ್ಳುವಾಗ ಸೆಕೆಂಡಿಗೆ ಮೂರೂವರೆ ಕಿಲೋಬೈಟ್ ದಾಟುವುದಿಲ್ಲ. ನಿಜವಾದ ವೇಗವನ್ನು ಎಲ್ಲಿ ನೋಡಬೇಕು?

ಉತ್ತರ (ಕಾರವಾರ)
115200 ಎಂಬುದು ನಿಮ್ಮ ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಸೀರಿಯಲ್ ಕೇಬಲ್ಲಿನ ವೇಗ. ಟೆಲಿಫೋನ್ ತಂತಿಯ ಮೇಲಿನ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಅನೇಕ ಮೋಡೆಮ್‌ಗಳು ‘ಎಟಿಡಬ್ಲ್ಯೂ2’ ಎಂಬ ಆದೇಶ ಕೊಟ್ಟರೆ ಲೈನಿನ ವೇಗವನ್ನೇ ತಿಳಿಸುತ್ತವೆ. ಡಬ್ಲ್ಯೂವಿಡಯಲ್‌ನ ಸಂರಚನಾ ಕಡತದಲ್ಲಿ ‘ಇನಿಟ್3’ ಎಂಬ ಸಾಲನ್ನು ಸೇರಿಸಿ, ಅಲ್ಲಿ ಈ ಆದೇಶವನ್ನು ಬರೆಯಿರಿ. ಸಂಪರ್ಕವನ್ನು ನಡೆಸುವ ಪಿಪಿಪಿಡಿ ಎಂಬ ಪ್ರೋಗ್ರಾಂ ಅನ್ನು ನೇರವಾಗಿ ಬಳಸುವವರು, ಮೋಡೆಮ್‌ನೊಡನೆ ಸಂಭಾಷಿಸುವ ‘ಚಾಟ್’ ಪ್ರೋಗ್ರಾಮಿನ ಆದೇಶಪಟ್ಟಿಯ (ಚಾಟ್ ಸ್ಕ್ರಿಪ್ಟ್) ಆರಂಭದಲ್ಲಿ ‘ರಿಪೋರ್ಟ್ ಕನೆಕ್ಟ್’ ಎಂದು ಸೇರಿಸಬೇಕು. ಇಲ್ಲವಾದರೆ ಚಾಟ್ ‘ಕನೆಕ್ಟ್’ ಪದ ಕಂಡೊಡನೆ ಓದುವುದನ್ನು ನಿಲ್ಲಿಸುವುದರಿಂದ, ಅದರ ಮುಂದಿನ ಅಂಕಿ ನಮಗೆ ಸಿಗುವುದೇ ಇಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಈಗ ‘ಕನೆಕ್ಟ್ 31200’ ಎಂದು ಬರುತ್ತಿದೆ. 56ಕೆ ಮೋಡೆಮ್ ಇಷ್ಟಕ್ಕೇ ನಿಲ್ಲಲು ಕಾರಣವೇನು? ಲಿನಕ್ಸ್‌ನ ಡ್ರೈವರ್ ಸರಿಯಿಲ್ಲವೇ?

ಉತ್ತರ (ಕುಮಟಾ)
ಲಿನಕ್ಸ್‌ನ ದೋಷವಲ್ಲವೆಂದು ಆ ಅಂಕಿಯೇ ಹೇಳುತ್ತದೆ. 26400, 28800, 31200, 33600 ಇವೆಲ್ಲ 2400ರಿಂದ ಭಾಗವಾಗುವ ಸಂಖ್ಯೆಗಳು, ಅಂದರೆ ವಿ.34 ಮಾನಕದ ವೇಗಗಳು. 56ಕೆಗೆ ಬೇಕಾದ ವಿ.90 ಮಾನಕದಲ್ಲಿ 42667, 44000, 45333 ಎಂಬಂತಹ ಅಂಕಿಗಳು ಬರುತ್ತವೆ. ಸೇವಾದಾತರ ಡಿಜಿಟಲ್ ಉಪಕರಣದಿಂದ ನಿಮ್ಮ ಮನೆಯವರೆಗಿನ ಹಾದಿಯಲ್ಲಿ ಡಿಜಿಟಲ್ ಸಂಕೇತವು ಅನಲಾಗ್ ಆಗುವುದು ಒಂದೇ ಬಾರಿ ಇರಬೇಕು. ನಡುವೆ ಮತ್ತೊಂದು ಪರಿವರ್ತನೆಯಿದ್ದರೆ, ಅಥವಾ ಎಕ್ಸ್‌ಚೇಂಜಿನಿಂದ ಬರುವ ತಂತಿ ಬಹಳ ಉದ್ದವಾಗಿದ್ದರೆ, ಮೋಡೆಮ್ ವಿ.34ಕ್ಕೆ ಇಳಿಯುತ್ತದೆ. 31200 ಎಂದರೆ ಸೆಕೆಂಡಿಗೆ ಅಷ್ಟು ಬಿಟ್; ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಿದರೆ 3900 ಬೈಟ್ ಆಗುತ್ತದೆ. ಪ್ಯಾಕೆಟ್ಟುಗಳ ತಲೆಬರಹದ ಭಾಗವನ್ನು ಕಳೆದರೆ ನೀವು ಕಂಡ ಮೂರೂವರೆ ಕಿಲೋಬೈಟ್ ಸರಿಯಾಗಿಯೇ ಇದೆ. ಅಳೆಯುವಾಗ ಜಿಪ್ ಮಾಡಿದ ಕಡತವನ್ನೇ ಇಳಿಸಿಕೊಳ್ಳಿ. ಬರಿಯ ಪಠ್ಯವನ್ನು ಮೋಡೆಮ್ ತಾನೇ ಸಂಕುಚಿತಗೊಳಿಸುವುದರಿಂದ ವೇಗ ಹೆಚ್ಚಾಗಿ ಕಾಣುತ್ತದೆ.

ಉತ್ತರ (ಕಾರವಾರ)
ಒಂದು ಮಾತು ಸೇರಿಸುತ್ತೇನೆ. ‘ಕನೆಕ್ಟ್’ ತೋರಿಸುವುದು ಸಂಪರ್ಕ ಏರ್ಪಟ್ಟ ಗಳಿಗೆಯ ವೇಗವನ್ನು ಮಾತ್ರ. ಲೈನಿನಲ್ಲಿ ಗದ್ದಲವಾದರೆ ಮೋಡೆಮ್ ನಡುವೆಯೇ ವೇಗ ತಗ್ಗಿಸುತ್ತದೆ. ಸಂಪರ್ಕ ಕಡಿದ ಮೇಲೆ ಮೋಡೆಮ್‌ಗೆ ನೇರವಾಗಿ ಆದೇಶ ಕೊಡಬಲ್ಲ ಮಿನಿಕಾಮ್ ತಂತ್ರಾಂಶವನ್ನು ತೆರೆದು ‘ಎಟಿ&ವಿ1’ ಎಂದು ಬರೆದರೆ, ರಾಕ್‌ವೆಲ್ ಚಿಪ್ಪಿನ ಅನೇಕ ಮೋಡೆಮ್‌ಗಳು ಹಿಂದಿನ ಕರೆಯ ವಿವರವನ್ನು ಕೊಡುತ್ತವೆ; ಯುಎಸ್ ರೊಬೊಟಿಕ್ಸ್‌ನವಕ್ಕೆ ‘ಎಟಿಐ6’. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ತಂತಿಯ ಜಾಯಿಂಟುಗಳಿಗೆ ನೀರಿಳಿಯುವುದು ಸಾಮಾನ್ಯವಾದ್ದರಿಂದ, ಮಳೆಯಲ್ಲೊಮ್ಮೆ, ಬಿಸಿಲಲ್ಲೊಮ್ಮೆ ಈ ವಿವರವನ್ನು ಬರೆದಿಟ್ಟುಕೊಂಡು ಹೋಲಿಸಿ ನೋಡಿ. ಫೋನ್ ಎತ್ತಿದಾಗ ಚರಚರ ಸದ್ದು ಕೇಳಿದರೆ ಮೊದಲು ಲೈನ್‌ಮನ್ ಅವರನ್ನು ಕರೆಸಿ, ಮೋಡೆಮ್ ಬದಲಿಸುವ ಯೋಚನೆ ಆಮೇಲೆ ಮಾಡಿ.