ಬಸ್ ಸ್ಟ್ಯಾಂಡಿನ ಲೇಡೀಸ್ ಟಾಯ್ಲೆಟ್ ಅಂದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಬೆಣ್ಣೆದೋಸೆ22

ಎಲ್ಲರಿಗೂ ನಮಸ್ಕಾರ. ನಾನು ಟ್ರಾನ್ಸ್ ಹೆಣ್ಣು, ವಯಸ್ಸು 26, ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಹಾರ್ಮೋನ್ ಶುರು ಮಾಡಿ ಹದಿನಾಲ್ಕು ತಿಂಗಳಾಯಿತು. ಆಫೀಸಿನಲ್ಲಿ ತೊಂದರೆ ಇಲ್ಲ, ನಮ್ಮ ಮಹಡಿಯಲ್ಲಿ ಒಬ್ಬೊಬ್ಬರೇ ಹೋಗುವ ಟಾಯ್ಲೆಟ್ ಒಂದಿದೆ, ಅದಕ್ಕೆ ಗಂಡು ಹೆಣ್ಣು ಅಂತ ಬೋರ್ಡೇ ಇಲ್ಲ. ತೊಂದರೆ ಎಲ್ಲ ಹೊರಗೆ.

ಮುಂದಿನ ತಿಂಗಳು ಅಕ್ಕನ ಮಗುವಿನ ನಾಮಕರಣ. ಮೊನ್ನೆ ಅಮ್ಮ ಫೋನಿನಲ್ಲಿ "ಎರಡು ದಿನ ಮುಂಚೆಯೇ ಬಂದುಬಿಡೇ" ಅಂದರು. ಇಪ್ಪತ್ತಾರು ವರ್ಷ "ಬಾರೋ" ಅಂದವರ ಬಾಯಲ್ಲಿ ಮೊದಲ ಸಲ ಆ "ಏ" ಕೇಳಿದೆ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಹಾಗಾಗಿ ಚೂಡಿದಾರ್ ಹಾಕಿಕೊಂಡೇ ಹೋಗಬೇಕು, ಅದು ನಿರ್ಧಾರ ಆಗಿದೆ. ಆದರೆ ಬಸ್ಸಿನಲ್ಲಿ ಐದಾರು ಗಂಟೆ. ಮಧ್ಯದಲ್ಲಿ ಎಲ್ಲೋ ಹೈವೇ ಹೋಟೆಲ್ ಹತ್ತಿರ ನಿಲ್ಲಿಸುತ್ತಾರೆ, ಹತ್ತು ನಿಮಿಷ ಅಂತಾರೆ, ಇಡೀ ಬಸ್ಸಿನ ಹೆಂಗಸರು ಒಂದೇ ಕಡೆ ಸಾಲು ನಿಲ್ಲುತ್ತಾರೆ. ಆ ಸಾಲು ನೆನಪಾದರೆ ನಾಮಕರಣವೇ ಬೇಡ ಅನ್ನಿಸುತ್ತದೆ.

ಕಾರಣ ಇದೆ. ಎರಡು ತಿಂಗಳ ಹಿಂದೆ ಒಂದು ಮಾಲ್‌ನಲ್ಲಿ ಲೇಡೀಸ್ ಕಡೆ ತಿರುಗಿದೆ. ಬಾಗಿಲಲ್ಲಿದ್ದ ಹೌಸ್‌ಕೀಪಿಂಗ್ ಹೆಂಗಸು "ಸಾರ್, ಜೆಂಟ್ಸ್ ಆ ಕಡೆ" ಅಂದರು. ಬೈಯಲಿಲ್ಲ, ಪಾಪ ಮರ್ಯಾದೆಯಾಗಿಯೇ ಹೇಳಿದರು, ಅದೇ ಜಾಸ್ತಿ ನೋವಾಯಿತು. ಹಿಂದೆ ಇದ್ದ ಮೂರು ಹುಡುಗಿಯರು ಒಟ್ಟಿಗೆ ನನ್ನ ಮುಖ ನೋಡಿದರು. ನಾನು ಎಲ್ಲಿಗೂ ಹೋಗದೆ ಆಟೋ ಹತ್ತಿ ರೂಮಿಗೆ ಬಂದೆ. ಜೆಂಟ್ಸ್‌ಗೆ ಹೋಗಬಹುದಿತ್ತಲ್ಲ ಅಂತ ಕೇಳಬೇಡಿ. ಉದ್ದ ಕೂದಲು ಬಿಟ್ಟ ಮೇಲೆ ಅಲ್ಲಿಗೂ ಹೋಗಿ ನೋಡಿದ್ದೇನೆ, ಒಬ್ಬ ನಾನು ಬರುವವರೆಗೆ ಹೊರಗೆ ಕಾದು ನಿಂತಿದ್ದ.

ಈಗ ಹೊರಗೆ ಹೋಗುವ ದಿನ ನೀರೇ ಕುಡಿಯುವುದಿಲ್ಲ. ಅದರ ಮೇಲೆ ನನಗೆ ಕೊಟ್ಟಿರುವ ಮಾತ್ರೆ ಸ್ಪೈರೊನೊಲ್ಯಾಕ್ಟೋನ್, ಅದು ಪದೇ ಪದೇ ಮೂತ್ರ ಬರಿಸುತ್ತದೆ. ಕಳೆದ ತಿಂಗಳು ಉರಿಮೂತ್ರ ಆಗಿ ಡಾಕ್ಟರ್ ಹತ್ತಿರ ಬೈಸಿಕೊಂಡೆ. ಪಾಸ್ ಆಗುವುದು ಅಂತೀವಲ್ಲ, ನೋಡಿದವರಿಗೆ ಗೊತ್ತಾಗದ ಹಾಗೆ ಹೆಂಗಸರ ನಡುವೆ ಬೆರೆತುಹೋಗುವುದು, ಅದು ಫೋಟೋದಲ್ಲಿ ನನಗೆ ಆಗುತ್ತದೆ. ಬಾಯಿ ಬಿಟ್ಟರೆ ಮುಗಿಯಿತು. ಸಾಲಿನಲ್ಲಿ ಯಾರಾದರೂ ಮಾತಾಡಿಸಿದರೆ? ಸಂಜೆ ಹೊತ್ತಿಗೆ ಗಡ್ಡದ ಹಸಿರು ಕಾಣಿಸಿದರೆ? ಬಾಗಿಲ ಕೆಳಗೆ ಕಾಲು ಕಂಡರೆ? ಹುಚ್ಚು ಪ್ರಶ್ನೆಗಳು ಅನ್ನಿಸಬಹುದು, ಆದರೂ ಕೇಳುತ್ತಿದ್ದೇನೆ.

ತುಂಗಾತೀರ

ನಾನು ಹುಟ್ಟಿದಾಗಿನಿಂದ ಹೆಣ್ಣೇ, 41 ವರ್ಷ, ವಾರಕ್ಕೆ ಎರಡು ಸಲ ಶಿವಮೊಗ್ಗ ಭದ್ರಾವತಿ ಬಸ್ಸು. ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ನಿಮ್ಮನ್ನು ನೋಡಿ ಅಲ್ಲ. ಬಸ್ ಸ್ಟ್ಯಾಂಡಿನ ಲೇಡೀಸ್ ಒಳಗೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತೇವೆ ಅಂದುಕೊಂಡಿದ್ದೀರಲ್ಲ! ನಾವು ನೋಡುವುದು ನೆಲ. ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು. ಆಮೇಲೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ, ಬ್ಯಾಗ್ ಎಲ್ಲಿ ನೇತು ಹಾಕುವುದು. ಮೊಳೆ ಇರುವುದಿಲ್ಲ, ಆದ್ದರಿಂದ ಬ್ಯಾಗು ಕುತ್ತಿಗೆಗೆ, ವೇಲು ಸೊಂಟಕ್ಕೆ, ಮೊಬೈಲು ಬಾಯಿಗೆ. ಈ ಅವಸ್ಥೆಯಲ್ಲಿ ಪಕ್ಕದವಳ ಗಲ್ಲದ ಮೇಲೆ ಏನಿದೆ ಅಂತ ಯಾರು ನೋಡುತ್ತಾರೆ?

ಕಾಲಿನ ವಿಷಯ ಮರೆತುಬಿಡಿ. ಹೈವೇ ಕಡೆ ಹೆಚ್ಚಿನವು ಇಂಡಿಯನ್ ಕಕ್ಕಸು, ಎಲ್ಲರೂ ಕೂರಲೇಬೇಕು. ಸದ್ದಿನ ಭಯ ಇದ್ದರೆ ಕೂರುವ ಮುಂಚೆ ನಲ್ಲಿ ತಿರುಗಿಸಿ, ನಮ್ಮಲ್ಲೂ ಎಷ್ಟೋ ಜನ ಹಾಗೇ ಮಾಡುತ್ತಾರೆ.

ಸಾಲಿನಲ್ಲಿ ಕೇಳುವುದು ಹೆಚ್ಚೆಂದರೆ ಮೂರು ಮಾತು. "ಒಳಗೆ ಯಾರಾದರೂ ಇದ್ದಾರಾ", "ನೀರು ಬರುತ್ತಾ", "ಪಿನ್ ಇದೆಯಾ". ಮೊದಲ ಎರಡಕ್ಕೆ "ಹ್ಞೂಂ" ಸಾಕು. ಮೂರನೆಯದಕ್ಕೆ ಎರಡು ಸೇಫ್ಟಿ ಪಿನ್ ಬಳೆಗೆ ಸಿಕ್ಕಿಸಿಕೊಂಡು ಹೋಗಿ, ಮಾತಾಡದೆ ಕೊಡಿ. ತಲೆ ತಗ್ಗಿಸಿ ಓಡಿಹೋಗುವವರನ್ನು ಮಾತ್ರ ಎಲ್ಲರೂ ನೋಡುತ್ತಾರೆ, ಯಾಕೆಂದರೆ ಹೆಂಗಸರಿಗೆ ಅಲ್ಲಿ ಆತುರವೇ ಇಲ್ಲ. ಸೆರಗು, ಜಡೆ, ಕುಂಕುಮ ಎಲ್ಲ ಸರಿಮಾಡಿಕೊಂಡೇ ಬರುವುದು. ನೀವೂ ಕನ್ನಡಿ ಇದ್ದರೆ ಒಂದು ನಿಮಿಷ ನಿಲ್ಲಿ.

ಮಾಲ್ ಬೇರೆ. ಅಲ್ಲಿ ಬೆಳಕು ಜಾಸ್ತಿ, ಕನ್ನಡಿ ಜಾಸ್ತಿ, ಕೆಲಸವಿಲ್ಲದ ಕಣ್ಣುಗಳೂ ಜಾಸ್ತಿ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಸುಮ್ನೆ ಒಂದು ಮಾತು

ಯಾರಿಗೂ ನೋವು ಮಾಡುವ ಉದ್ದೇಶ ಇಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು. ಹೀಗೆ ಯಾರು ಬೇಕಾದರೂ ಬರಬಹುದು ಅಂದರೆ ನಾಳೆ ಯಾವನೋ ಸೀರೆ ಸುತ್ತಿಕೊಂಡು ಒಳಗೆ ನುಗ್ಗಿದರೆ ಏನು ಮಾಡುವುದು? ಇವರಿಗೇ ಬೇರೆ ಟಾಯ್ಲೆಟ್ ಕಟ್ಟಿದರೆ ಎಲ್ಲರಿಗೂ ನೆಮ್ಮದಿ ಅಲ್ವಾ?

ಐದು ರೂಪಾಯಿ

ಮೇಲಿನವರಿಗೆ: ನಮ್ಮ ಅತ್ತೆ ಹನ್ನೊಂದು ವರ್ಷದಿಂದ ಒಂದು ತಾಲ್ಲೂಕಿನ ಬಸ್ ಸ್ಟ್ಯಾಂಡಿನ ಶೌಚಾಲಯದ ಮುಂದೆ ಮೇಜು ಹಾಕಿಕೊಂಡು ದುಡ್ಡು ತೆಗೆದುಕೊಳ್ಳುತ್ತಾರೆ. ನಿಮ್ಮ ಪ್ರಶ್ನೆಯನ್ನೇ ಅವರಿಗೆ ಓದಿ ಹೇಳಿದೆ. ಅಷ್ಟು ವರ್ಷದಲ್ಲಿ ಅವರು ಚಪ್ಪಲಿ ಎತ್ತಿದ್ದು ನಾಲ್ಕು ಸಲವಂತೆ. ಒಬ್ಬ ಹಿಂದಿನ ಗೋಡೆಯ ಕಿಂಡಿಯಿಂದ ಇಣುಕುತ್ತಿದ್ದ, ಒಬ್ಬ ಮೊಬೈಲ್ ಹಿಡಿದಿದ್ದ, ಇನ್ನಿಬ್ಬರು ಕುಡಿದು ಒಳಗೆ ನುಗ್ಗಿದವರು. ನಾಲ್ವರೂ ಪ್ಯಾಂಟು ಶರ್ಟು. ಕೆಟ್ಟ ಕೆಲಸ ಮಾಡುವವನಿಗೆ ಸೀರೆ ಉಟ್ಟು, ನೆರಿಗೆ ಹಿಡಿದು, ಊರವರೆಲ್ಲ ತಿರುಗಿ ನೋಡುವ ಹಾಗೆ ಬರುವ ತಾಳ್ಮೆ ಎಲ್ಲಿದೆ ಅಂತ ಅತ್ತೆಯ ಪ್ರಶ್ನೆ. ನಿಮ್ಮ ಮಕ್ಕಳ ಬಗ್ಗೆ ಭಯ ಇರುವುದು ತಪ್ಪಲ್ಲ, ಆದರೆ ಆ ಕಿಂಡಿಗೆ ಇನ್ನೂ ಜಾಲರಿ ಹಾಕಿಲ್ಲ, ಅದನ್ನು ಕೇಳಿ.

ಬೆಣ್ಣೆದೋಸೆಯವರಿಗೆ ಅತ್ತೆಯ ಕಡೆಯಿಂದ ಒಂದು ಗುಟ್ಟು. ಸರಿಯಾದ ಚಿಲ್ಲರೆ ಕೈಯಲ್ಲಿ ಹಿಡಿದು ಬನ್ನಿ. ನಾಣ್ಯ ಮೇಜಿನ ಮೇಲೆ ಬಿದ್ದರೆ ಅವರು ನಾಣ್ಯವನ್ನು ಮಾತ್ರ ನೋಡುತ್ತಾರೆ. ಐನೂರರ ನೋಟು ಕೊಟ್ಟವರ ಮುಖ ಮಾತ್ರ ಸರಿಯಾಗಿ ನೋಡುತ್ತಾರೆ, ಬೈಯಲು!

ಹೊಸಪೇಟೆ ಅಮ್ಮ

ಮಗಳೇ, ನಾನು ಇಪ್ಪತ್ತೆಂಟು ವರ್ಷದಿಂದ ಈ ಜಮಾತಿನಲ್ಲಿ, ಅಂದರೆ ಹಿಜ್ರಾ ಬಳಗದಲ್ಲಿ ಇದ್ದೇನೆ, ಇದನ್ನು ನನ್ನ ಚೇಲಾ, ಅಂದರೆ ಶಿಷ್ಯೆ, ಟೈಪ್ ಮಾಡುತ್ತಿದ್ದಾಳೆ. ನಿನ್ನ ಭಯ ಏನೆಂದರೆ ಗೊತ್ತಾಗಿಬಿಟ್ಟರೆ ಅಂತ. ನಮ್ಮದು ನೂರು ಅಡಿ ದೂರದಿಂದಲೇ ಎಲ್ಲರಿಗೂ ಗೊತ್ತು. ಚಪ್ಪಾಳೆ ತಟ್ಟಿ ಹೊಟ್ಟೆ ಹೊರೆಯುವವರು ಬೆರೆತುಹೋಗುವುದು ಹೇಗೆ? ನೀನು ಮಾಲ್‌ನಲ್ಲಿ "ಸಾರ್" ಅನ್ನಿಸಿಕೊಂಡೆ. ನಮ್ಮನ್ನು ಮಾಲ್ ಗೇಟಿನ ಒಳಗೇ ಬಿಡುವುದಿಲ್ಲ.

ಒಂದು ಬಸ್ ಸ್ಟ್ಯಾಂಡಿನಲ್ಲಿ ಕೌಂಟರಿನವನು ಎಲ್ಲರ ಹತ್ತಿರ ಐದು ತೆಗೆದುಕೊಂಡು ನಮ್ಮ ಹತ್ತಿರ ಇಪ್ಪತ್ತು ಕೇಳುತ್ತಿದ್ದ. ಇನ್ನೊಂದು ಕಡೆ ಈ ಬಾಗಿಲೂ ಬೇಡ, ಆ ಬಾಗಿಲೂ ಬೇಡ, ಜಾಲಿ ಗಿಡದ ಹಿಂದೆ ಹೋಗಿ ಅಂದ. ನಾನು ಚಿಕ್ಕವಳಿದ್ದಾಗ ಬೆಳಕು ಹರಿಯುವ ಮುಂಚೆ ಹೋಗಿಬಂದರೆ ಮತ್ತೆ ಕತ್ತಲಾಗುವವರೆಗೆ ಇಲ್ಲ. ಈಗ ಒಬ್ಬಳೇ ಹೋಗುವುದಿಲ್ಲ, ಇಬ್ಬರು ಹೋಗುತ್ತೇವೆ, ಒಬ್ಬಳು ಬಾಗಿಲಲ್ಲಿ ನಿಲ್ಲುತ್ತಾಳೆ. ಜೊತೆ ಇದ್ದರೆ ಜನ ಬಾಯಿ ಬಿಡುವುದಿಲ್ಲ. ಅದನ್ನೇ ನಿನಗೂ ಹೇಳುತ್ತೇನೆ, ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗು.

ಬೇರೆ ಟಾಯ್ಲೆಟ್ ಕಟ್ಟಿ ಅಂದರಲ್ಲ, ಒಂದು ಕಡೆ ಕಟ್ಟಿದ್ದನ್ನು ನೋಡಿದ್ದೇನೆ. ಬೀಗ ಹಾಕಿತ್ತು, ಒಳಗೆ ಪೊರಕೆ, ಬಕೆಟ್ಟು, ಸುಣ್ಣದ ಚೀಲ. ತೆರೆದಿದ್ದರೂ ಹೊಸ ಹುಡುಗಿಯರು ಆ ಬೋರ್ಡಿನ ಕೆಳಗೆ ಹೋಗುತ್ತಾರಾ? ಹೋದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ.

ನಮ್ಮ ಹಾಗೇ ಟ್ರಾನ್ಸ್ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಗೆ 2021ರಲ್ಲಿ ಪದ್ಮಶ್ರೀ ಕೊಟ್ಟರಲ್ಲ, ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದಿದ್ದನ್ನು ಟಿವಿಯಲ್ಲಿ ನೋಡಿ ನಮ್ಮ ಓಣಿಯವರೆಲ್ಲ ಕಣ್ಣು ಒರೆಸಿಕೊಂಡರು. ಅದೇ ಜನ ಮರುದಿನ ನಾವು ನಲ್ಲಿ ಹತ್ತಿರ ಹೋದರೆ ಕೊಡ ಹಿಂದಕ್ಕೆ ಎಳೆದುಕೊಂಡರು. ಟಿವಿಯಲ್ಲಿ ಇದ್ದರೆ ದೇವರು, ಸಾಲಿನಲ್ಲಿ ನಿಂತರೆ ಮೈಲಿಗೆ. ನಿನಗೆ ಮುಖ ಚೆನ್ನಾಗಿದೆ, ಕೆಲಸ ಇದೆ, ಬೆರೆತುಹೋಗು, ನಾನು ಬೇಡ ಅನ್ನುವುದಿಲ್ಲ. ಸಾಲಿನಲ್ಲಿ ನಮ್ಮಂಥವಳು ಒಬ್ಬಳು ನಿಂತಿದ್ದರೆ ಆ ಕಡೆ ತಿರುಗಿ ನಿಲ್ಲಬೇಡ, ಅಷ್ಟೇ.

ಕರಿಕೋಟು ಇನ್ನೂ ಬಂದಿಲ್ಲ

ಲಾ ಕೊನೇ ವರ್ಷ ಓದುತ್ತಿದ್ದೇನೆ, ಚಿಕ್ಕದಾಗಿ ಹೇಳುತ್ತೇನೆ. ಟ್ರಾನ್ಸ್ ಜನರ ಹಕ್ಕುಗಳ ಬಗ್ಗೆ ಬಂದ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಶೌಚಾಲಯದ ಮಾತೂ ಆಡಿದೆ, ಬೇರೆ ಶೌಚಾಲಯ ಕಟ್ಟಿಕೊಡಿ ಅಂತ ಸರ್ಕಾರಗಳಿಗೆ ಹೇಳಿದೆ. ಅದರರ್ಥ ಕಟ್ಟುವವರೆಗೆ ಬಿಗಿಹಿಡಿದುಕೊಂಡಿರಿ ಅಂತ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರದ ಸ್ವಚ್ಛ ಭಾರತ ಮಾರ್ಗಸೂಚಿ ಬಂತು. ಟ್ರಾನ್ಸ್ ಜನರಿಗೆ ಗಂಡಸರದೋ ಹೆಂಗಸರದೋ, ತಮಗೆ ಸರಿ ಅನ್ನಿಸಿದ ಸಾರ್ವಜನಿಕ ಶೌಚಾಲಯ ಬಳಸಲು ಬಿಡಬೇಕು ಅಂತ ಅದರಲ್ಲಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆ ಮಾಡಿದಾಗಲೇ 18ನೇ ಸೆಕ್ಷನ್‌ನಲ್ಲಿ ಎಲ್ಲರಿಗೂ ತೆರೆದಿರುವ ಸಾರ್ವಜನಿಕ ಜಾಗಕ್ಕೆ ಟ್ರಾನ್ಸ್ ವ್ಯಕ್ತಿಗಳನ್ನು ಬಿಡದಿದ್ದರೆ ಆರು ತಿಂಗಳಿಂದ ಎರಡು ವರ್ಷ ಜೈಲು ಮತ್ತು ದಂಡ ಇಟ್ಟರು. ದೆಹಲಿ ಮೆಟ್ರೋದವರು 2021ರಲ್ಲಿ ಅಂಗವಿಕಲರಿಗಾಗಿ ಇದ್ದ ಪ್ರತ್ಯೇಕ ಟಾಯ್ಲೆಟ್‌ಗಳನ್ನು ಟ್ರಾನ್ಸ್ ಜನರಿಗೂ ತೆರೆದರು, ಜೊತೆಗೆ ಗಂಡು ಅಥವಾ ಹೆಣ್ಣು ಅಂತ ಇರುವ ಬೇರೆ ಟಾಯ್ಲೆಟ್‌ಗೂ ಹೋಗಬಹುದು ಅಂದರು. ನನಗೆ ಅನ್ನಿಸುವ ಮಟ್ಟಿಗೆ ಸರಿಯಾದ ದಾರಿ ಅದೇ.

ಆದರೆ ಸಾಲಿನಲ್ಲಿ ನಿಂತು ಸೆಕ್ಷನ್ ಹೇಳಲು ಹೋಗಬೇಡಿ. ಗಲಾಟೆ ಆಗುವ ಹಾಗಿದ್ದರೆ ಹೊರಗೆ ಬನ್ನಿ, ಜನ ಇರುವ ಕಡೆ ನಿಲ್ಲಿ, 112ಕ್ಕೆ ಫೋನ್ ಮಾಡಿ. ಉಚಿತ ಕಾನೂನು ನೆರವಿಗೆ 15100 ಇದೆ.

ನೀಲಿ ಬಳೆ

ತಂಗಿ, ನನ್ನದು ಎಂಟನೇ ವರ್ಷ. ಮೊದಲು ನೀರು ಕುಡಿ! ಸ್ಪೈರೊನೊಲ್ಯಾಕ್ಟೋನ್ ಮೂಲದಲ್ಲಿ ಬಿಪಿಗೆ, ಮೈ ಊತಕ್ಕೆ ಕೊಡುವ ನೀರಿಳಿಸುವ ಮಾತ್ರೆ. ನಮಗೆ ಕೊಡುವುದು ಗಂಡು ಹಾರ್ಮೋನ್ ತಡೆಯಲು, ಆದರೆ ಅದು ತನ್ನ ಹಳೇ ಕೆಲಸವನ್ನೂ ಬಿಡುವುದಿಲ್ಲ. ಒಂದು ಕಡೆ ಮಾತ್ರೆ ನೀರು ಹೊರಗೆ ಹಾಕುತ್ತಿದೆ, ಇನ್ನೊಂದು ಕಡೆ ನೀನು ಕುಡಿಯುತ್ತಿಲ್ಲ, ತಲೆ ಸುತ್ತು ಬಂದು ಬಸ್ಸಿನಲ್ಲೇ ಬಿದ್ದರೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ. ಪ್ರಯಾಣದ ದಿನ ಮಾತ್ರೆ ಯಾವ ಹೊತ್ತಿಗೆ ತೆಗೆದುಕೊಳ್ಳಲಿ ಅಂತ ಡಾಕ್ಟರನ್ನೇ ಕೇಳು, ನೀನೇ ಬಿಡಬೇಡ.

ಧ್ವನಿಗೆ ಹಾರ್ಮೋನ್ ಏನೂ ಮಾಡುವುದಿಲ್ಲ, ಒಮ್ಮೆ ಒಡೆದ ಗಂಟಲು ಈಸ್ಟ್ರೋಜನ್‌ನಿಂದ ತೆಳುವಾಗುವುದಿಲ್ಲ. ಅದು ಅಭ್ಯಾಸದಿಂದ ಬರಬೇಕು, ನನಗೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕೆಮ್ಮು ಇದ್ದವರ ಹಾಗೆ ಪಿಸುಮಾತು. ಗಡ್ಡಕ್ಕೂ ಅಷ್ಟೇ, ಲೇಸರ್‌ಗೆ ಹಲವು ಸಲ ಹೋಗಬೇಕು. ಈ ಸಲಕ್ಕೆ ಮಾಸ್ಕ್ ಸಾಕು, ಕೊರೋನಾ ನಮಗೆ ಮಾಡಿದ ಒಂದೇ ಉಪಕಾರ ಅದು.

ಮತ್ತೆ, ಬಸ್ಸೇ ಯಾಕೆ? ಶಕ್ತಿ ಯೋಜನೆ ನಮಗೂ ಇದೆ, ದುಡ್ಡು ಉಳಿಯುತ್ತದೆ, ಸರಿ. ಆದರೆ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವ ಎಷ್ಟೋ ರೈಲು ದಾವಣಗೆರೆ ಮೇಲೆಯೇ ಹೋಗುತ್ತವೆ. ಬೋಗಿಯ ಟಾಯ್ಲೆಟ್ ಮೇಲೆ ಗಂಡು ಹೆಣ್ಣು ಅಂತ ಬರೆದಿದ್ದು ನೋಡಿದ್ದೀಯಾ? ಅದೇ ಬಾಗಿಲಿಗೆ ಅಜ್ಜ, ಬಾಣಂತಿ, ಟಿಕೆಟ್ ಕಲೆಕ್ಟರ್ ಎಲ್ಲರೂ ಹೋಗುತ್ತಾರೆ, ಯಾರ ಧರ್ಮವೂ ಕೆಟ್ಟಿಲ್ಲ. ಬೋರ್ಡ್ ಇದ್ದ ಕಡೆ ಮಾತ್ರ ಎಲ್ಲರೂ ಕಾವಲುಗಾರರಾಗುತ್ತಾರೆ.

ಬೆಣ್ಣೆದೋಸೆ22

ಎಲ್ಲರಿಗೂ ತಡವಾಗಿ ಉತ್ತರ. ನಾಮಕರಣ ಮುಗಿಯಿತು. ಹೋಗುವಾಗ ನೀಲಿ ಬಳೆ ಅಕ್ಕ ಹೇಳಿದ ಹಾಗೆ ರೈಲು, ಏನೂ ಆಗಲಿಲ್ಲ, ಹೇಳುವುದಕ್ಕೂ ಏನಿಲ್ಲ. ವಾಪಸು ಬರುವಾಗ ಟಿಕೆಟ್ ಸಿಗಲಿಲ್ಲ, ಬಸ್ಸೇ ಗತಿಯಾಯಿತು. ಅಮ್ಮ ಜೊತೆಗೆ ಬರುತ್ತೇನೆ ಅಂದರು, ಬಾಣಂತಿಯನ್ನು ಬಿಟ್ಟು ಬೇಡ ಅಂದೆ.

ಶಿರಾ ದಾಟಿದ ಮೇಲೆ ಒಂದು ಹೋಟೆಲ್ ಹತ್ತಿರ ನಿಲ್ಲಿಸಿದರು. ಚಿಲ್ಲರೆ ಕೈಯಲ್ಲಿ, ಪಿನ್ ಬಳೆಯಲ್ಲಿ, ಮಾಸ್ಕ್ ಮುಖದಲ್ಲಿ. ಎದೆ ಬಡಿದುಕೊಳ್ಳುವುದು ಪಕ್ಕದವರಿಗೂ ಕೇಳಿಸುತ್ತದೇನೋ ಅನ್ನಿಸಿತು. ಒಬ್ಬ ಹುಡುಗಿ ಮೇಲಿಂದ ಕೆಳಗೆ ನೋಡಿದಳು, ಹೌದು, ನೋಡಿದಳು. ಆಮೇಲೆ ತನ್ನ ಮೊಬೈಲಿಗೆ ವಾಪಸು ಹೋದಳು. ನನ್ನ ಮುಂದೆ ಒಬ್ಬ ಅಜ್ಜಿ. ಪಿನ್ ಯಾರೂ ಕೇಳಲಿಲ್ಲ. ಅಜ್ಜಿ ಒಳಗೆ ಹೋಗಿ ಮತ್ತೆ ತಲೆ ಹೊರಗೆ ಹಾಕಿ, "ಚಿಲಕ ಮುರಿದಿದೆ, ಬಾಗಿಲು ಹಿಡಿದುಕೊಳ್ಳೇ ಸ್ವಲ್ಪ" ಅಂದರು. ಹ್ಞೂಂ ಅಂದೆ. ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.

ಹೊಸಪೇಟೆ ಅಮ್ಮ, ನಿಮ್ಮ ಕೊನೆಯ ಮಾತು ಚುಚ್ಚಿತು. ಹಾಗೆ ತಿರುಗಿ ನಿಂತಿದ್ದೇನೆ, ಒಂದಲ್ಲ, ಎರಡು ಮೂರು ಸಲ. ಮೆಜೆಸ್ಟಿಕ್‌ನಲ್ಲಿ. ಮಾಲ್‌ಗೆ ಇನ್ನೂ ಧೈರ್ಯ ಬಂದಿಲ್ಲ.

ಅಂದಹಾಗೆ ನನ್ನ ಸರದಿ ಬಂದಾಗ ಡ್ರೈವರ್ ಹಾರ್ನ್ ಹೊಡೆದ. ನಾನು ಹಿಡಿಯುತ್ತೇನೆ ಹೋಗು ಅಂದಿದ್ದ ಅಜ್ಜಿ ಬಾಗಿಲು ಬಿಟ್ಟು ಬಸ್ಸಿನ ಕಡೆ ಓಡಿಯೇಬಿಟ್ಟರು. ಒಂದು ಕಾಲಲ್ಲಿ ಬಾಗಿಲು ಒತ್ತಿಹಿಡಿದು ಹೇಗೋ ಮುಗಿಸಿಕೊಂಡು ಬಂದೆ.